ಹೊತ್ತಿನ ಬೆನ್ನಟ್ಟಿದ ಮೋಟಾರು

ಮೊನ್ನೆ ಹೊಸ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕುವಾಗ ತಾರೀಕಿನ ಕೆಳಗೆ ಸಣ್ಣಕ್ಷರದಲ್ಲಿ ಸೂರ್ಯಾಸ್ತದ ವೇಳೆ ಕಂಡಿತು. ಇಡೀ ಜಿಲ್ಲೆಗೆ ಒಂದೇ ವೇಳೆ! ಮೂಡಲಗಿಯಲ್ಲಿ ಮುಳುಗಿದ ಸೂರ್ಯ ಹುಕ್ಕೇರಿಯವರಿಗೆ ಇನ್ನೂ ತುಸು ಉಳಿದಿರುತ್ತಾನೆ ಎಂದು ನನಗೆ ಗೊತ್ತು. ಹೇಗೆನ್ನುವಿರಾ?

ನನಗಾಗ ಹದಿನೆಂಟು. ಭೂಗೋಳ ಓದಿದ ಹಮ್ಮು ಬೇರೆ. ನಮ್ಮದು ಜೈನರ ಮನೆ; ಸೋದರತ್ತೆಗೆ ಹೊತ್ತು ಮುಳುಗಿದ ಮೇಲೆ ಹನಿ ನೀರೂ ನಿಷಿದ್ಧ. ಹಿಂದಿನ ದಿನವೆಲ್ಲ ಉಪವಾಸವಿದ್ದು, ಬೆಳಿಗ್ಗೆ ಉಣ್ಣಲು ಕೂತವಳಿಗೆ ಹುಕ್ಕೇರಿಗೆ ಕೊಟ್ಟ ಮಗಳಿಗೆ ಜ್ವರ ತಲೆಗೇರಿದೆಯೆಂಬ ಸುದ್ದಿ ಬಂತು. ತಾಟು ಸರಿಸಿ ಎದ್ದಳು.

"ಮಗಳ ಮಾರಿ ನೋಡೂತನಕ ನೀರೂ ಗಂಟಲಾಗ ಇಳಿಯೂದಿಲ್ಲ."

ಮೂಡಲಗಿಯಲ್ಲಿ ಬಾಡಿಗೆ ಮೋಟಾರು ಸಿಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಗೋಕಾಕದಲ್ಲಿ ಚಕ್ರ ಪಂಚರಾಗಿ ಇನ್ನಷ್ಟು ತಡವಾಯಿತು. ಅತ್ತೆಯ ತುಟಿಗಳು ಒಣಗಿ ಬಿಳಿಚಿದ್ದವು. ನಿನ್ನೆಯಿಂದ ಉಪವಾಸ, ಹೊತ್ತು ಮುಳುಗಿದರೆ ಇವತ್ತೂ ನೀರಿಲ್ಲ ಎಂದು ಡ್ರೈವರನಿಗೂ ಹೇಳಿದೆ. ಆಗ ನಾನು ನನ್ನ ಜ್ಞಾನ ಬಿಚ್ಚಿದೆ: "ಅತ್ತೀ, ನಾವು ಪಶ್ಚಿಮಕ್ಕ ಹೊಂಟೇವಿ. ಜೋರಾಗಿ ಹೋದ್ರ ಹೊತ್ತು ತಡಾ ಮಾಡಿ ಮುಳುಗತೈತಿ."

ಡ್ರೈವರ್ ದಸ್ತಗೀರ ತಿರುಗಿ ನೋಡಿದ. "ಖರೇನ್ರೀ ಅಕ್ಕಾರ?"

"ಖರೇನ."

ಮೋಟಾರು ಎಗರಿತು. ಒಂದು ತಗ್ಗಿನಲ್ಲಿ ಸೂರ್ಯ ಗುಡ್ಡದ ಹಿಂದೆ ಮರೆಯಾದ. ಅತ್ತೆ ಕಣ್ಣು ಮುಚ್ಚಿದಳು. ಏರು ಹತ್ತುತ್ತಲೇ ದಸ್ತಗೀರ ಕೂಗಿದ: "ಕಣ್ಣ ತೆರೀರಿ ಅವ್ವಾರ, ಮತ್ತ ಬಂದಾನ!" ಕೆಂಪಗೆ, ಅರ್ಧದಷ್ಟು, ನಿಜವಾಗಿಯೂ ಬಂದಿದ್ದ. ಆ ದಿನ ಅತ್ತೆ ನಕ್ಕದ್ದು ಅದೊಂದೇ ಸಲ.

ಹುಕ್ಕೇರಿಯ ಮನೆಯೊಳಗೆ ಅವಳು ಓಡಿದಳು. ಜ್ವರ ಇಳಿದಿತ್ತು, ಮಗಳು ಗುರುತು ಹಿಡಿದು "ಅವ್ವಾ" ಎಂದಳು. ಬೀಗತಿ ತಂಬಿಗೆ ತುಂಬ ಸೋಸಿದ ನೀರು ತಂದರು. ಅತ್ತೆ ಅಂಗಳಕ್ಕೆ ಬಂದು ಪಡುವಣ ನೋಡಿದಳು. ಅಲ್ಲಿ ಬರೀ ಬೆಳಕಿತ್ತು, ಸೂರ್ಯನಿರಲಿಲ್ಲ. ಅಷ್ಟರಲ್ಲಿ ಮಸೀದಿಯ ಬಾಂಗು ಕೇಳಿತು. ದಸ್ತಗೀರ ಜೇಬಿನಿಂದ ಒಂದು ಖರ್ಜೂರ ತೆಗೆದ.

ಅತ್ತೆ ದಂಗಾದಳು. "ರೋಜಾ ಇದ್ದೀಯೇನೋ ತಮ್ಮಾ?"

"ಹೌದ್ರಿ."

"ಹೊತ್ತು ಮುಳುಗೂದನ್ನ ಕಾಯಾಂವ ನೀನು. ಅದು ಮುಳುಗಬಾರದಂತ ಹಿಂಗ್ಯಾಕ ಓಡಿಸಿದಿ?"

"ನಿಮಗ ಎರಡನೇ ದಿನಾ ಅಲ್ರಿ ಅವ್ವಾರ," ಎಂದ ಅವನು, ತಲೆ ತಗ್ಗಿಸಿ.

ಅತ್ತೆ ಆ ತಂಬಿಗೆಯನ್ನು ಅವನ ಕೈಗಿತ್ತು, ಅವನು ಕುಡಿದು ಮುಗಿಸುವ ತನಕ ಎದುರಿಗೇ ನಿಂತಳು. ಅವಳ ಗಂಟಲಿಗೆ ನೀರಿಳಿದದ್ದು ಮರುದಿನ ಬಿಸಿಲು ಬಿದ್ದ ಮೇಲೆ.

ಆಮೇಲೆ ನಮ್ಮ ಮಾಸ್ತರರು ನಕಾಶೆ ನೋಡಿ ಲೆಕ್ಕ ಹಾಕಿ ಹೇಳಿದರು: ಮೂಡಲಗಿಯಿಂದ ಹುಕ್ಕೇರಿಗೆ ಬಂದರೆ ಸೂರ್ಯ ತಡವಾಗುವುದು ಸುಮಾರು ಒಂದೂವರೆ ನಿಮಿಷ. ಇಷ್ಟೇನಾ ಎಂದು ನಾಚಿ, ಅತ್ತೆಗೆ ಹೇಳಲೇ ಇಲ್ಲ. ವರ್ಷಗಟ್ಟಲೆ ಇದನ್ನು ನನ್ನ ಪೆದ್ದುತನದ ಕತೆಯೆಂದೇ ಹೇಳಿ ಎಲ್ಲರನ್ನೂ ನಗಿಸಿದ್ದೇನೆ.

ನಿನ್ನೆ ಸಂಜೆ ಬಹಳ ಬಾಯಾರಿತ್ತು. ನೀರಿನ ಲೋಟ ಮುಂದಿಟ್ಟುಕೊಂಡು, ಮುಟ್ಟದೆ, ಗಡಿಯಾರ ನೋಡುತ್ತ ಒಂದೂವರೆ ನಿಮಿಷ ಕೂತೆ. ಅದು ಬಹಳ ಉದ್ದ.