ಕಣ್ಣಿಗೆ ಹಚ್ಚಿದ ಕುಂಕುಮ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ದುರ್ಗೇಶನಷ್ಟು ಅಂಜುಬುರುಕ ಮತ್ತೊಬ್ಬನಿಲ್ಲ. ನಾನು ಫೋಟೋಗಳಿಗೆ ಕಟ್ಟು ಹಾಕುವವನು, ಪಕ್ಕದ ಸ್ಟುಡಿಯೋ ಅವನದು. ಬೆಕ್ಕು ಅಡ್ಡ ಬಂದರೆ ಸ್ಕೂಟರ್ ತಿರುಗಿಸಿ ಬೇರೆ ಓಣಿಯಿಂದ ಬರುವ ಆಸಾಮಿ. ಮದುವೆಯ ವಿಡಿಯೋ ತೆಗೆಯುವಾಗ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಅವನ ಕೈ ನಡುಗುತ್ತದೆ. ಅಂಥವನು ಡ್ರೋನ್ ತಂದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಗಬ್ಯಾಡ್ರಿ ಮಜೀದಭಾಯ್, ಇದಕ್ಕ ನನ್ನ ಕೈನ ಬೇಕಾಗಿಲ್ಲ," ಎಂದ. "ಯಾರ ಬೆನ್ನ ಹತ್ತಬೇಕು ಅಂತ ತೋರಿಸಿದ್ರ ಸಾಕು, ತಾನ ಗುರ್ತು ಹಿಡದು ಹೋಗತೈತಿ. ಸುತ್ತಲೂ ಸಣ್ಣ ಕಣ್ಣ ಅದಾವ ನೋಡ್ರಿ. ಗಿಡ, ಕಂಬ ಬಂದ್ರ ತಾನ ತಪ್ಪಿಸ್ಕೋತೈತಿ."

ಮೊದಲ ದೊಡ್ಡ ಕೆಲಸ ನವನಗರದಲ್ಲಿ ಹುಡುಗಿಯರ ಸೈಕಲ್ ಸ್ಪರ್ಧೆ. ಅವನ ಮಗಳು ಸಾನ್ವಿಯೂ ಅದರಲ್ಲಿ ಓಡಿಸುವವಳಿದ್ದಳು. ಜೊತೆಗೆ ನಾನೂ ಹೋದೆ. ಅಲ್ಲಿ ಚೀಲ ತೆಗೆದು ನೋಡಿದರೆ, ಅವನ ತಾಯಿ ಫಕೀರವ್ವ ಬೆಳಿಗ್ಗೆಯೇ ಯಂತ್ರಕ್ಕೆ ಪೂಜೆ ಮುಗಿಸಿದ್ದಳು! ಹೊಸ ಗಾಡಿಯ ದೀಪಕ್ಕೆ ಹಚ್ಚುವ ಹಾಗೆ, ಕಂಡ ಕಂಡ ಗಾಜಿಗೆಲ್ಲ ಎಣ್ಣೆಯಲ್ಲಿ ಕಲಸಿದ ಕುಂಕುಮ. ದುರ್ಗೇಶ ದೊಡ್ಡ ಕ್ಯಾಮೆರಾದ ಗಾಜು ಒರೆಸಿದ. ಸಣ್ಣ ಕಣ್ಣುಗಳ ಹತ್ತಿರ ಬಟ್ಟೆ ಒಯ್ದು ತಡೆದ.

"ಪೂರಾ ಒರಸಬಾರದ್ರಿ. ಅವ್ವ ದೇವರ ಹೆಸರ್ಲೆ ಹಚ್ಯಾಳ. ಮಗಳು ಸೈಕಲ್ ಹೊಡಿಯೋ ದಿನ ಕುಂಕುಮ ಅಳಿಸಿದ್ರ..."

ಮುಂದಿನ ಮಾತು ಆಡಲೂ ಅವನಿಗೆ ಅಂಜಿಕೆ. ಮೊಬೈಲಿನ ಪರದೆಯ ಮೇಲೆ ಏನೋ ಎಚ್ಚರಿಕೆ ಮೂಡಿತು. ಅದನ್ನು ಬೆರಳಿನಿಂದ ಸರಿಸಿಬಿಟ್ಟ.

ಸ್ಪರ್ಧೆ ಶುರುವಾಯಿತು. ಸಾನ್ವಿ ಎಲ್ಲರಿಗಿಂತ ಮುಂದೆ ಬಂದಳು. ದುರ್ಗೇಶ ಪರದೆಯಲ್ಲಿ ಅವಳನ್ನೇ ಗುರುತು ಮಾಡಿದ. ಡ್ರೋನ್ ತಗ್ಗಿನಲ್ಲಿ ಹಾರುತ್ತ ಅವಳ ಬೆನ್ನು ಹತ್ತಿತು. ಅದರ ಕೆಳಗೇ ಉಳಿದ ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ಬರುತ್ತಿದ್ದರು. ದಾರಿಗೆ ಅಡ್ಡ ಕಟ್ಟಿದ್ದ ಬ್ಯಾನರಿನ ಅಂಚನ್ನು ಸವರಿಕೊಂಡೇ ಡ್ರೋನ್ ಮುಂದೆ ಹೋಯಿತು. ತಪ್ಪಿಸಿಕೊಳ್ಳಲಿಲ್ಲ.

"ಮಜೀದಭಾಯ್, ಇದಕ್ಕ ಕಾಣವಲ್ದು!"

ಆಗ ನನಗೂ ಹೊಳೆಯಿತು. ಮುಂದಿನ ತಿರುವಿನಲ್ಲಿ ದಾರಿಯ ಮೇಲೆ ಬಾಗಿದ ಬೇವಿನ ಮರ. ಟೊಂಗೆಗೆ ಬಡಿದರೆ ಆ ತಿರುಗುವ ರೆಕ್ಕೆಗಳು ನೇರ ಮಕ್ಕಳ ಮುಖದ ಮೇಲೆಯೇ. ನಿಲ್ಲಿಸುವ ಗುಂಡಿಯನ್ನು ದುರ್ಗೇಶ ಒತ್ತಿದ, ಮತ್ತೆ ಮತ್ತೆ ಒತ್ತಿದ. ಬೆವರಿದ ಬೆರಳಿಗೆ ಪರದೆ ಜಪ್ಪಯ್ಯ ಎನ್ನಲಿಲ್ಲ. ಸಾನ್ವಿ ಮರದ ನೆರಳಿಗೆ ಹೊಕ್ಕಳು.

ಇನ್ನು ಉಳಿದದ್ದು ರಿಮೋಟಿನ ಎರಡು ಕಡ್ಡಿಗಳು, ಅವನ ಎರಡು ಹೆಬ್ಬೆರಳು. ಅವನ ಕೈ ನಡುಗುವುದನ್ನು ನಾನು ಬಹಳ ಸಲ ನೋಡಿದ್ದೇನೆ, ಅವತ್ತಿನಂತೆ ಎಂದೂ ನೋಡಿಲ್ಲ. ಹಲ್ಲು ಕಚ್ಚಿ ಒಂದು ಕಡ್ಡಿಯನ್ನು ಹಿಂದಕ್ಕೆ ಜಗ್ಗಿದ, ಇನ್ನೊಂದನ್ನು ಮೇಲಕ್ಕೆ ದೂಡಿದ. ಡ್ರೋನ್ ತಡವರಿಸಿತು. ಎಲೆಗಳು ಪುಡಿಯಾಗಿ ಹುಡುಗಿಯರ ತಲೆಯ ಮೇಲೆ ಉದುರಿದವು. ಯಾರೋ ಚೀರಿದರು, ನನಗೆ ಕಣ್ಣು ತೆರೆಯುವ ಧೈರ್ಯವಾಗಲಿಲ್ಲ. ತೆರೆದಾಗ ಯಂತ್ರ ಮರಕ್ಕಿಂತ ಮೇಲೆ, ಬಯಲು ಆಕಾಶದಲ್ಲಿ ನಿಂತಿತ್ತು. ಸೈಕಲ್ಲುಗಳು ತಿರುವು ದಾಟಿ ಹೋಗಿದ್ದವು. ದುರ್ಗೇಶ ಅದನ್ನು ಇಳಿಸಿ, ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಸಂಜೆ ಫಕೀರವ್ವ ಮೊಮ್ಮಗಳಿಗೆ ದೃಷ್ಟಿ ತೆಗೆದಳು. "ನೋಡಿದ್ಯೇನೋ? ನಾ ಕುಂಕುಮ ಹಚ್ಚಿದ್ದಕ್ಕ ಕೂಸು ಉಳೀತು!"

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ದುರ್ಗೇಶ ಕಣ್ಣಿನಲ್ಲೇ ಬೇಡವೆಂದ.

"ಹೌದವ್ವಾ. ಆದ್ರ ಇನ್ನ ಮ್ಯಾಲೆ ಅದಕ್ಕ ಹಚ್ಚಬ್ಯಾಡ ಬೇ. ಇಲ್ಲಿ ಹಚ್ಚು," ಎಂದು ತನ್ನ ಎರಡೂ ಕೈ ಚಾಚಿದ.

ಅವು ಇನ್ನೂ ನಡುಗುತ್ತಿದ್ದವು. ಮುದುಕಿ ಒಂದೊಂದನ್ನೇ ಬಿಗಿಯಾಗಿ ಹಿಡಿದು ನಿಲ್ಲಿಸಿ ಕುಂಕುಮ ಹಚ್ಚಬೇಕಾಯಿತು.