ನೋಡಿ ಬರೆದ ಗಿಳಿ

ಗಿಳಿಯ ಕಾಲಿನಲ್ಲಿ ಎದುರುಗಡೆ ಎಷ್ಟು ಬೆರಳು?

ಹೊತ್ತು ಹೋಗದೆ ಕೇಳುತ್ತಿಲ್ಲ. ಕಳೆದ ಆದಿತ್ಯವಾರ ಬಂಟ್ವಾಳದ ಒಂದು ಮನೆಯಲ್ಲಿ ಇದೇ ಪ್ರಶ್ನೆಗೆ ಒಂದು ಮದುವೆ ಸಂಬಂಧ ಮುರಿದುಬಿತ್ತು. ಉತ್ತರ ಹೇಳಿದವಳು ನಾನು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಈ ವಾರದ ಬರಹ ನಿಮಗೂ ಸ್ವಲ್ಪ ಕಹಿ ಎನಿಸಿದರೆ ಬೈದುಕೊಳ್ಳಿ, ಅಡ್ಡಿಯಿಲ್ಲ.

ನನ್ನ ಮೈದುನನಿಗೆ ಹೆಣ್ಣು ನೋಡುವುದಿತ್ತು. ಅತ್ತೆ, ಮೈದುನ, ನಾನು ಮೂಡಬಿದ್ರೆಯಿಂದ ಬೆಳಗಿನ ಬಸ್ಸಿಗೇ ಹೊರಟೆವು. (ನನ್ನ ಗಂಡ ಬರಲಿಲ್ಲ. ಇಂಥ ಕೆಲಸಗಳ ದಿನ ಅವರಿಗೆ ತಪ್ಪದೆ ತಲೆನೋವು ಬರುತ್ತದೆ.) ಹುಡುಗಿಯ ಹೆಸರು ವಾರಿಜ. ಎಸ್ಸೆಸ್ಸೆಲ್ಸಿ ಪಾಸು. ಗೋಳಿಬಜೆ ಬಂತು, ಹಲ್ವ ಬಂತು, ಕಾಫಿ ಬಂತು, ಕಾಫಿಯ ಹಿಂದೆ ಹುಡುಗಿ ಬಂದಳು. ಆಮೇಲೆ ಎಲ್ಲ ಮನೆಗಳಲ್ಲಿ ಬರುವ ಹಾಗೆ ಹುಡುಗಿಯ ಕೈಕೆಲಸ ಬಂತು.

ಕೈಕೆಲಸ ಗೊತ್ತಲ್ಲ? ಬಿಳಿ ಬಟ್ಟೆಯ ಮೇಲೆ ಬಣ್ಣದ ನೂಲಿನ ಕಸೂತಿ. ಗಾಜು ಹಾಕಿದ ಫ್ರೇಮು. ಮೇಲೆ ‘ಸುಸ್ವಾಗತ’, ಕೆಳಗೆ ಹೊಲಿದವಳ ಹೆಸರು. ಮದುವೆಯವರೆಗೆ ಅದು ತವರಿನ ಗೋಡೆಯಲ್ಲಿ ತೂಗುತ್ತದೆ, ಆಮೇಲೆ ಹುಡುಗಿಯ ಟ್ರಂಕಿನ ಜೊತೆ ಗಂಡನ ಮನೆಗೆ ಹೋಗುತ್ತದೆ. ನಮ್ಮ ಕಡೆ ಈ ಫ್ರೇಮಿಲ್ಲದ ಮನೆ ಚಾವಡಿ ಇದ್ದರೆ ನನಗೊಮ್ಮೆ ತೋರಿಸಿ.

ವಾರಿಜಳ ಫ್ರೇಮಿನಲ್ಲಿ ಪೇರಳೆ ಮರದ ಗೆಲ್ಲಿನ ಮೇಲೆ ಒಂದು ಗಿಳಿ. ತಲೆಯನ್ನು ಒಂದು ಬದಿಗೆ ವಾಲಿಸಿ ಕೂತಿದೆ. ಬಾಲದ ಒಂದು ಗರಿ ಅರ್ಧಕ್ಕೆ ಮುರಿದಿದೆ.

ಕಾಫಿ ಲೋಟ ಕೆಳಗಿಟ್ಟೆ. ಅದು ನನ್ನ ಗಿಳಿ. ಹೊಲಿದವಳು ವಾರಿಜಳೇ ಇರಬಹುದು, ಬರೆದವಳು ನಾನು.

ಅಷ್ಟರಲ್ಲಿ ಅತ್ತೆ ಫ್ರೇಮನ್ನು ಮಡಿಲಿಗೆ ಎಳೆದುಕೊಂಡು ಕನ್ನಡಕ ಏರಿಸಿದರು. “ನಮ್ಮ ಮನೆಯಲ್ಲೂ ಇದೇ ಗಿಳಿ ಉಂಟು, ನಮ್ಮ ಸೊಸೆ ಹೊಲಿದದ್ದು. ಅದಕ್ಕೆ ಎದುರು ಮೂರು ಬೆರಳು. ಇದಕ್ಕೆ ಎರಡೇ ಉಂಟಲ್ಲ? ನೂಲು ಮುಗಿಯಿತಾ?”

ಹುಡುಗಿಯ ತಾಯಿಗೆ ಗಾಬರಿಯಾಯಿತು. “ಮರೆತಿರಬೇಕು. ಮಕ್ಕಳಲ್ವಾ?”

“ಮರೆತದ್ದಲ್ಲ” ಎಂದಳು ವಾರಿಜ. ಅಲ್ಲಿಯವರೆಗೆ ಎಲ್ಲರ ಮಾತೂ ತುಳುವಿನಲ್ಲಿತ್ತು. ಅವಳು ಮಾತ್ರ ಕ್ಲಾಸಿನಲ್ಲಿ ಎದ್ದು ನಿಂತವಳ ಹಾಗೆ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು. “ಗಿಳಿಗೆ ಎದುರು ಎರಡು ಬೆರಳು, ಹಿಂದೆ ಎರಡು. ಹೊಲಿಗೆ ಟೀಚರ್ ಮೂರು ಮಾಡು ಅಂದರು, ನಾನು ಮಾಡಲಿಲ್ಲ. ಈ ಚಿತ್ರ ಬರೆದದ್ದು ಯಾರೋ ಗೊತ್ತಿಲ್ಲ. ಆದರೆ ಅವರು ಗಿಳಿಯನ್ನು ನೋಡಿ ಬರೆದಿದ್ದಾರೆ.”

ಅತ್ತೆ ನನ್ನ ಕಡೆಗೆ ತಿರುಗಿದರು. “ನೀನು ಹೈಸ್ಕೂಲು ಕಲಿತವಳಲ್ವಾ? ಪೇಪರಿಗೆ ಬೇರೆ ಬರೀತಿ. ಹೇಳು, ಗಿಳಿಗೆ ಎದುರು ಎಷ್ಟು ಬೆರಳು?”

ನಾನು ಏನು ಹೇಳಿದೆ ಎಂಬುದು ಆಮೇಲೆ. ಮೊದಲು ನೀವು ನನ್ನ ಜೊತೆ ಹದಿಮೂರು ವರ್ಷ ಹಿಂದಕ್ಕೆ, ಬೆಳ್ತಂಗಡಿ ಕಡೆಗೆ ಬರಬೇಕು. ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು.

ನಮ್ಮ ಹೈಸ್ಕೂಲಿನಲ್ಲಿ ಒಬ್ಬರು ಡ್ರಾಯಿಂಗ್ ಮಾಸ್ಟ್ರಿದ್ದರು. ಅವರಿಗೂ ಒಂದು ಹೆಸರಿತ್ತು, ಆದರೆ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಲೆಕ್ಕದ ಮಾಸ್ಟ್ರಿಗೆ ಪಾಠ ಮುಗಿಯದಿದ್ದರೆ ಇವರ ಪೀರಿಯಡ್ ಹೋಯಿತು. ಇನ್ಸ್‌ಪೆಕ್ಟರು ಬರುತ್ತಾರೆಂದರೆ ಇವರು ಸ್ವಾಗತದ ಬೋರ್ಡು ಬರೆಯಬೇಕು. ಸ್ಪೋರ್ಟ್ಸ್ ಎಂದರೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಬೇಕು. ಇಷ್ಟೆಲ್ಲ ಆಗಿ ಹೊತ್ತು ಉಳಿದರೆ ನಮಗೆ ಚಿತ್ರಕಲೆ.

ನನಗೆ ಹೈಸ್ಕೂಲು ಎಂದರೆ ಆ ಉಳಿದ ಹೊತ್ತೇ. ಬೇರೆ ಪಾಠಗಳಲ್ಲಿ ಏನು ಕಲಿತೆನೋ ದೇವರೇ ಬಲ್ಲ.

ಒಂದು ದಿನ ಮೇಜಿನ ಮೇಲೆ ಚೆಂಬು ಇಟ್ಟು ಬರೆಯಿರಿ ಎಂದರು. ನಾನು ಚೆಂಬಿನ ಬಾಯಿಯನ್ನು ಗುಂಡಗೆ ಬರೆದೆ. ಮಾಸ್ಟ್ರು ಹಿಂದಿನಿಂದ ಬಂದು ನಿಂತರು.

“ಚೆಂಬಿನ ಬಾಯಿ ಗುಂಡಗೆ ಅಂತ ನಿನಗೆ ಗೊತ್ತುಂಟು. ಕೂತಲ್ಲಿಂದ ಗುಂಡಗೆ ಕಾಣ್ತದಾ?”

“ಇಲ್ಲ ಸಾರ್. ಚಪ್ಪಟೆ ಕಾಣ್ತದೆ.”

“ಮತ್ತೆ ಗುಂಡಗೆ ಬರೆದದ್ದು ಯಾಕೆ?”

ಹದಿನಾಲ್ಕು ವರ್ಷದಿಂದ ಚೆಂಬು ಹಿಡಿದು ನೀರು ಕುಡಿದವಳು ನಾನು, ಒಂದು ದಿನವೂ ಅದನ್ನು ನೋಡಿರಲಿಲ್ಲ ಎಂದು ಅವತ್ತು ತಿಳಿಯಿತು. ಮನೆಗೆ ಹೋಗಿ ತುರಿಮಣೆ ನೋಡಿದೆ, ಅಕ್ಕಿ ಮುಡಿ ನೋಡಿದೆ, ಅಜ್ಜಿಯ ಕಿವಿ ನೋಡಿದೆ. ಹುಚ್ಚು ಹಿಡಿದಿತ್ತು ಎಂದೇ ಇಟ್ಟುಕೊಳ್ಳಿ.

ಶಾಲೆಯ ದಾರಿಯಲ್ಲಿ ಒಂದು ಸೋಡಾ ಅಂಗಡಿ. ಅಲ್ಲಿ ಗೂಡಿನಲ್ಲೊಂದು ಗಿಳಿ, ಬಾಗಿಲಿಗೆ ಸಿಕ್ಕಿ ಬಾಲದ ಒಂದು ಗರಿ ಮುರಿದುಕೊಂಡದ್ದು. ಒಂದು ವಾರ ಅದರ ಎದುರು ನಿಂತು ನಿಂತು ನೋಡಿ, ಆಮೇಲೆ ಬರೆದೆ. ಕ್ಲಾಸಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಿಳಿಗೆ ಎದುರು ಎರಡೇ ಬೆರಳಂತೆ! ಕೋಳಿಗೆ ಮೂರು, ಕಾಗೆಗೆ ಮೂರು, ಇವಳ ಗಿಳಿಗೆ ಎರಡು!

ಮಾಸ್ಟ್ರು ನಗಲಿಲ್ಲ. ಸಂಜೆ ಸೋಡಾ ಅಂಗಡಿಗೆ ಹೋಗಿ, ಗೂಡಿನ ಎದುರು ಬಗ್ಗಿ, ಗಿಳಿಯ ಕಾಲನ್ನು ನೋಡಿ ಬಂದರು. (ಹೈಸ್ಕೂಲಿನ ಒಬ್ಬ ಮಾಸ್ಟ್ರು ವಿದ್ಯಾರ್ಥಿನಿಯ ಮಾತು ಸರಿಯೋ ಎಂದು ನೋಡಲು ತಾನೇ ನಡೆದುಕೊಂಡು ಹೋದದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?) ಮರುದಿನ ನನ್ನ ಚಿತ್ರದ ಕೆಳಗೆ ನೀಲಿ ಪೆನ್ಸಿಲಿನಲ್ಲಿ ಬರೆದರು: ‘ನೋಡಿ ಬರೆದಿದ್ದಾಳೆ.’ ಜೊತೆಗೆ ಡ್ರಾಯಿಂಗ್ ಲೋವರ್ ಪರೀಕ್ಷೆಯ ಫಾರಂ ಕೊಟ್ಟರು. ಪರೀಕ್ಷೆ ಮಂಗಳೂರಿನಲ್ಲಿ. ಅಪ್ಪನ ಸೈನು ಬೇಕು.

ಅಪ್ಪ ಚಿತ್ರ ನೋಡಲಿಲ್ಲ. ಕೆಳಗಿನ ಬರಹ ಮಾತ್ರ ಓದಿದರು. ನನ್ನ ಕಿವಿ ಹಿಂಡಿದರು. “ನಾಚಿಕೆ ಆಗುವುದಿಲ್ವಾ? ಯಾರದ್ದನ್ನು ನೋಡಿ ಬರೆದೆ?”

ಶಾಲೆಗೆ ಹೋದವರಿಗೆಲ್ಲ ಗೊತ್ತು, ನೋಡಿ ಬರೆಯುವುದು ಎಂದರೆ ಪಕ್ಕದವನ ಪೇಪರು ನೋಡಿ ಕಾಪಿ ಹೊಡೆಯುವುದು. ನೋಡುವುದಕ್ಕೆ ಬೇರೆ ಅರ್ಥವೂ ಉಂಟೆಂದು ಅಪ್ಪನಿಗೆ ತಿಳಿಸಲು ಮಾಸ್ಟ್ರೇ ನಮ್ಮ ಮನೆಗೆ ಬರಬೇಕಾಯಿತು. ಅಪ್ಪ ಕೇಳಿ ನಕ್ಕರು. “ಆಯಿತು, ನಾಳೆ ಸೈನು ಹಾಕ್ತೇನೆ” ಎಂದರು.

ಆ ನಾಳೆಯೇ ಎಡವಟ್ಟಾಯಿತು. ಡ್ರಾಯಿಂಗ್ ಕ್ಲಾಸಿನಲ್ಲಿ ನಾವು ಅಳತೆ ತೆಗೆಯುತ್ತಿದ್ದೆವು. ಪೆನ್ಸಿಲ್ ಹಿಡಿದು ಕೈ ನೀಡಬೇಕು, ಒಂದು ಕಣ್ಣು ಮುಚ್ಚಬೇಕು, ಹೆಬ್ಬೆರಳು ಜಾರಿಸಿ ಚೆಂಬಿನ ಎತ್ತರ ಹಿಡಿಯಬೇಕು. ನಾವು ಆರು ಹುಡುಗಿಯರು ಮೇಜಿನ ಕಡೆ ನೋಡುತ್ತಾ ಒಂದೊಂದು ಕಣ್ಣು ಮುಚ್ಚಿ ಕೂತಿದ್ದೆವು. ಮೇಜಿನ ಪಕ್ಕದಲ್ಲಿ ಮಾಸ್ಟ್ರು. ಜಗಲಿಯಲ್ಲಿ ಹೆಡ್‌ಮಾಸ್ಟ್ರು ಬಂದರು.

“ಇದೆಂಥದು ಮಾಸ್ಟ್ರೇ, ಹುಡುಗಿಯರಿಗೆ ಕಣ್ಣು ಹೊಡೆಯುವುದು ಕಲಿಸುವುದಾ?”

“ಅಳತೆ ತೆಗೆಯುವುದು ಸಾರ್.”

“ಅಳತೆ ಹುಡುಗರು ತೆಗೀಲಿ. ಇವರಿಗೆ ಸೂಜಿ ಕೊಡುವ.”

ಮುಗಿಯಿತು. ಮರುವಾರದಿಂದ ಹುಡುಗರಿಗೆ ಡ್ರಾಯಿಂಗು, ಹುಡುಗಿಯರಿಗೆ ಹೊಲಿಗೆ. ನಾನು ಕಣ್ಣು ಹೊಡೆದ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅಪ್ಪ ಫಾರಂ ಹರಿದು ಒಲೆಗೆ ಹಾಕಿದರು. ಐದು ಹುಡುಗರು ಮಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದರು. ಅವರಲ್ಲೊಬ್ಬನಿಗೂ ನನ್ನಷ್ಟು ಕೈ ಇರಲಿಲ್ಲ. ಜಂಬ ಎಂದು ಬೇಕಾದರೆ ಅನ್ನಿ. ಹದಿಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಅಷ್ಟು ಜಂಬ ಸಲ್ಲುತ್ತದೆ.

ಹೊಲಿಗೆ ಟೀಚರಿಗೆ ನನ್ನ ಗಿಳಿ ಬಹಳ ಹಿಡಿಸಿತು. ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ ತೂತು ಮಾಡಿದರು. ಬಟ್ಟೆಯ ಮೇಲಿಟ್ಟು ನೀಲಿ ಪುಡಿ ಉಜ್ಜಿದರೆ ಚುಕ್ಕಿ ಚುಕ್ಕಿಯಾಗಿ ಗಿಳಿ ಮೂಡುತ್ತಿತ್ತು. ಎಷ್ಟು ಬಟ್ಟೆಯ ಮೇಲಾದರೂ ಮೂಡಿಸಬಹುದು. ಇಡೀ ಕ್ಲಾಸು ಅದನ್ನೇ ಹೊಲಿಯಿತು.

“ಆದರೆ ಬೆರಳು ಸರಿಯಿಲ್ಲ” ಎಂದರು ಟೀಚರ್. “ಗಿಳಿ ಕುಂಟು ಕಾಣ್ತದೆ. ಎಲ್ಲರೂ ಇನ್ನೊಂದು ಸೇರಿಸಿ.”

ಎಲ್ಲರೂ ಸೇರಿಸಿದರು. ನಾನೂ ಸೇರಿಸಿದೆ. ಹೌದು, ನನ್ನ ಗಿಳಿಗೆ ಮೂರನೆಯ ಬೆರಳನ್ನು ನನ್ನ ಕೈಯಾರೆ ಹೊಲಿದೆ. ಒಳ್ಳೆಯ ಮಾರ್ಕು ಬಂತು. ಅತ್ತೆ ನನ್ನನ್ನು ನೋಡಲು ಬಂದ ದಿನ ಅದೇ ಫ್ರೇಮು ಅವರ ಮಡಿಲಿಗೆ ಹೋಯಿತು, ಅವರು ಮೆಚ್ಚಿದರು, ನಾನು ಮೂಡಬಿದ್ರೆಗೆ ಬಂದೆ. ಟೀಚರ್ ಬಂಟ್ವಾಳಕ್ಕೆ ವರ್ಗವಾದರು. ತೂತು ಬಿದ್ದ ನನ್ನ ಗಿಳಿಯೂ ಅವರ ಜೊತೆ ಹೋಗಿರಬೇಕು. ವಾರಿಜಳ ಕೈಗೆ ಅದು ಸಿಕ್ಕಿದ ದಾರಿ ನೀವೇ ಊಹಿಸಿಕೊಳ್ಳಿ.

ಇದೆಲ್ಲ ಹಳೆಯ ಕಾಲದ ಕಥೆ ಎನ್ನುತ್ತೀರಾ? ಮೊನ್ನೆ ಪಕ್ಕದ ಮನೆಯ ಹುಡುಗಿಯ ಟೈಮ್‌ಟೇಬಲ್ ನೋಡಿದೆ. ‘ಚಿತ್ರಕಲೆ / ಹೊಲಿಗೆ’ ಎಂದಿತ್ತು. ಮಧ್ಯದ ಗೆರೆ ಯಾಕೆಂದು ಕೇಳಿದೆ. “ಗೆರೆಯ ಈಚೆ ಹುಡುಗರು, ಆಚೆ ನಾವು” ಎಂದಳು. ಮದ್ರಾಸು ಹೋಯಿತು, ಮೈಸೂರು ಬಂತು. ಗೆರೆ ಇದ್ದಲ್ಲೇ ಉಂಟು.

ಈಗ ಬಂಟ್ವಾಳದ ಚಾವಡಿಗೆ ಬನ್ನಿ. ಅತ್ತೆ ಕೇಳಿದ್ದಾರೆ, ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ವಾರಿಜಳೂ ನೋಡುತ್ತಿದ್ದಾಳೆ. ಅವಳ ಕಣ್ಣಿನಲ್ಲಿ ಭಯವಿರಲಿಲ್ಲ. ಹೈಸ್ಕೂಲು ಕಲಿತವಳು, ಪೇಪರಿಗೆ ಬರೆಯುವವಳು, ಇವಳು ಸರಿಯಾಗಿ ಹೇಳುತ್ತಾಳೆ ಎಂದು ನಂಬಿದ್ದಳು.

ಹದಿಮೂರು ವರ್ಷಗಳಲ್ಲಿ ನನ್ನ ಚಿತ್ರಕ್ಕೆ ಸಿಕ್ಕಿದ ಎರಡನೆಯ ಸರ್ಟಿಫಿಕೇಟು ಅವಳದು. ಮಾಸ್ಟ್ರ ಮಾತೇ ಅವಳ ಬಾಯಲ್ಲಿ ಬಂದಿತ್ತು. “ಬರೆದವಳು ನಾನು, ಅವಳು ಹೇಳಿದ್ದೇ ಸರಿ” ಎನ್ನಲು ಎಷ್ಟು ಹೊತ್ತು ಬೇಕು? ಎಂದಿದ್ದರೆ ನಮ್ಮ ಗೋಡೆಯ ಗಿಳಿ ಸುಳ್ಳಾಗುತ್ತಿತ್ತು. ಅಷ್ಟು ಜನರ ಎದುರು ಅತ್ತೆಯ ಮಾತು ಸುಳ್ಳಾಗುತ್ತಿತ್ತು. ಮನೆಗೆ ಹೋದ ಮೇಲೆ ಏನೆಲ್ಲ ಕೇಳಬೇಕಾಗುತ್ತಿತ್ತೆಂದು ಸೊಸೆಯಂದಿರಿಗೆ ನಾನು ವಿವರಿಸಬೇಕಾಗಿಲ್ಲ.

ನಾನು ಗಿಳಿಯನ್ನು ನೋಡಲಿಲ್ಲ. ಅತ್ತೆಯ ಮುಖ ನೋಡಿದೆ.

“ಮೂರು” ಎಂದೆ.

ಅಪ್ಪ ಹೇಳಿದ ಅರ್ಥದಲ್ಲಿ ನೋಡಿ ಬರೆಯುವುದನ್ನು ನಾನು ಕಲಿತದ್ದು ಹೀಗೆ.

ವಾರಿಜ ಅತ್ತೆಯ ಮಡಿಲಿನಿಂದ ಫ್ರೇಮು ತೆಗೆದುಕೊಂಡು ಸೆರಗಿನಿಂದ ಗಾಜು ಒರೆಸಿ ಒಳಗೆ ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಅಲ್ಲೇ ಅಳು ಬಂತು, ಕಾಫಿ ಜೊತೆ ನುಂಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ತೀರ್ಪು ಕೊಟ್ಟರು. “ಬೆರಳು ಹೋಗಲಿ ಬಿಡು. ದೊಡ್ಡವರಿಗೆ ಎದುರುತ್ತರ ಕೊಡ್ತಾಳಲ್ಲ, ಅದಾಗುವುದಿಲ್ಲ. ಬೇರೆ ಕಡೆ ನೋಡುವ.” ಮೈದುನ ಕಿಟಕಿಯ ಹೊರಗೆ ನೋಡುತ್ತಾ “ಆಯಿತು” ಎಂದ. ಅವನಿಗೆ ಹುಡುಗಿ ಹಿಡಿಸಿತ್ತು ಎಂದು ನನಗೆ ಗೊತ್ತಿತ್ತು.

ಮನೆಗೆ ಬಂದು ಕೈಕಾಲು ತೊಳೆದು ಚಾವಡಿಯಲ್ಲಿ ನಿಂತು ನಮ್ಮ ಫ್ರೇಮನ್ನು ನೋಡಿದೆ. ಹಸಿರು ನೂಲು ಮಾಸಿದೆ, ಕೆಳಗೆ ನನ್ನ ಹೆಸರು ಕೆಂಪಾಗಿ ಹಾಗೇ ಉಂಟು. ಮೂರನೆಯ ಬೆರಳನ್ನು ಬಹಳ ಚಂದ ಹೊಲಿದಿದ್ದೇನೆ, ಎಲ್ಲಿ ಸೇರಿಸಿದ್ದೆಂದು ನನಗೇ ಗೊತ್ತಾಗಲಿಲ್ಲ.

ಸಂಬಂಧ ತಪ್ಪಿದ್ದು ವಾರಿಜಳ ಪುಣ್ಯ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ನಮ್ಮ ಮನೆಗೆ ಬಂದಿದ್ದರೆ, ಅವಳಿಗೂ ಮೂರು ಬೆರಳು ಕಾಣಲು ಎಷ್ಟು ದಿನ ಹಿಡಿಯುತ್ತಿತ್ತು?