ಅವ್ವನಿಗೆ ಕಲಿಸಿದ ಒಂದೇ ಮಾತು

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಇನ್ನೂ ಸಿನಿಮಾ ಪೋಸ್ಟರುಗಳೇ ಇರುತ್ತಿದ್ದ ಕಾಲ ಅದು. ರ‍್ಯಾಂಕ್ ಬಂದ ಮಕ್ಕಳ ಮುಖಗಳನ್ನು ಸಾಲಾಗಿ ಜೋಡಿಸಿದ ಟ್ಯೂಷನ್ ಫ್ಲೆಕ್ಸುಗಳು ಬಂದಿರಲಿಲ್ಲ. ಅಲ್ಲೇ ಹತ್ತಿರದ ನಮ್ಮೂರು ಕರೂರಿನಲ್ಲಿ ಶಾಲೆ ಬಿಟ್ಟ ಕೂಡಲೇ ನಾವು ಕುಂಟಾಬಿಲ್ಲೆ ಆಡುತ್ತಿದ್ದೆವು. ದಣಿವಾದರೆ ಕಾಲುವೆ ದಂಡೆಯಲ್ಲಿ ಬಿದ್ದ ಹುಣಸೆಹಣ್ಣು ಆರಿಸಿ, ಉಪ್ಪು ಖಾರ ಹಚ್ಚಿ, ಹಲ್ಲು ಚುಳ್ಳೆನ್ನುವ ತನಕ ಚೀಪುತ್ತಿದ್ದೆವು.

ಸಂಜೆ ಅವ್ವ ರೊಟ್ಟಿ ಬಡಿಯುವಾಗ ನಾನು ಒಲೆಯ ಪಕ್ಕ ಕೂತು ಕನ್ನಡ ಪಾಠವನ್ನು ಜೋರಾಗಿ ಓದಬೇಕಿತ್ತು. ಅವ್ವ ನಾಲ್ಕನೆಯ ಕ್ಲಾಸಿನ ತನಕ ಓದಿದವಳು. ನಾನು ಒಂದು ಸಾಲು ಹಾರಿಸಿದರೂ ರೊಟ್ಟಿಯ ಸದ್ದು ನಿಂತುಬಿಡುತ್ತಿತ್ತು. ಅವಳು ಪಾಠದ ಜೊತೆಗೇ ಜಗಳ ತೆಗೆಯುತ್ತಿದ್ದಳು. ಒಮ್ಮೆ ಹೊರೆ ತಾಳದೆ ಬಿದ್ದು ಬೈಸಿಕೊಂಡ ಅಗಸನ ಕತ್ತೆಯ ಪಾಠ ಓದಿದಾಗ, "ಕತ್ತಿದೇನ್ ತಪ್ಪೈತಿ ಇದ್ರಾಗ? ಹೊರಿಸಿದಾತನ್ನ ಬಿಟ್ಟು ಹೊತ್ತದ್ದನ್ನ ಬೈತಾರಲ್ಲ. ನಾಳಿ ನಿಮ್ಮ ಮಾಸ್ತರನ್ನ ಕೇಳು," ಅಂದಳು. ಕೇಳಿದೆ. ಮಾಸ್ತರು ನಕ್ಕು, "ನಿಮ್ಮವ್ವನ್ನ ಸಾಲಿಗೆ ಕಳಸು, ನೀ ಮನ್ಯಾಗಿರು," ಅಂದರು. ಆ ಮಾತನ್ನು ಅವ್ವ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದಳು.

ನಾನು ಎರಡನೆಯ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಬಳ್ಳಾರಿಯ ಒಂದು ಇಂಗ್ಲಿಷ್ ಶಾಲೆ ಅಪ್ಪನ ತಲೆಯೊಳಗೆ ಹೊಕ್ಕಿತು. ಕುರುಗೋಡಿನಲ್ಲಿ ಅವ್ವನ ತಂಗಿ, ನನ್ನ ಸುಮಾ ಚಿಗವ್ವ ಇದ್ದಳು. ಅವಳ ಮನೆಯಲ್ಲಿ ನನ್ನನ್ನು ಇಟ್ಟರೆ ಅಲ್ಲಿಂದ ಶಾಲೆಯ ಬಸ್ಸಿಗೆ ಹೋಗಿ ಬರಬಹುದು ಎಂಬ ಲೆಕ್ಕಾಚಾರ. ಆದರೆ ಆ ಶಾಲೆಯಲ್ಲಿ ಮಕ್ಕಳಿಗಿಂತ ಮೊದಲು ತಂದೆತಾಯಿಗೆ ಪರೀಕ್ಷೆ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ, ತಾಯಿ ತಡವರಿಸಿದರೆ ಸೀಟಿಲ್ಲ ಎಂದು ಸುದ್ದಿ. ಆ ಭಯವನ್ನೇ ಬಂಡವಾಳ ಮಾಡಿಕೊಂಡು ಒಬ್ಬಾತ ಸಿರುಗುಪ್ಪದಲ್ಲಿ 'ಪಾಲಕರ ಮಾರ್ಗದರ್ಶನ ಕೇಂದ್ರ' ತೆರೆದಿದ್ದ. ಎಲ್ಲರೂ ಅವನನ್ನು ಗೈಡ್ ಸಾರ್ ಅನ್ನುತ್ತಿದ್ದರು.

ಅದು ಗೊಬ್ಬರದಂಗಡಿಯ ಮೇಲಿನ ಕೋಣೆ. ಮೆಟ್ಟಿಲು ಹತ್ತುವಾಗಲೇ ಕ್ರಿಮಿನಾಶಕದ ಘಾಟು ಮೂಗಿಗೆ ಬಡಿಯುತ್ತಿತ್ತು. ಒಳಗೆ ಹೋದರೆ ಅದರ ಮೇಲೆ ಬೆವರು, ಪೌಡರು, ಪೆಟ್ಟಿಗೆಯಿಂದ ತೆಗೆದ ಸೀರೆಗಳ ನುಸಿಗುಳಿಗೆ ವಾಸನೆ. ಬಿಸಿಲಿಗೆ ಕಾದ ತಗಡಿನ ಚಾವಣಿಯ ಕೆಳಗೆ, ನಮ್ಮ ಕಡೆಯ ಗಟ್ಟಿ ಗಟ್ಟಿ ಹೆಂಗಸರು, ಮನೆಯಲ್ಲಿ ಗಂಡನಿಗೂ ಎತ್ತಿಗೂ ಒಂದೇ ದನಿಯಲ್ಲಿ ಗದರಿಸುವವರು, ಬೆಂಚಿನ ಮೇಲೆ ಕೈಕಟ್ಟಿ ಕೂತು, "ಮೈ ಹಾಬಿ ಈಸ್ ರೀಡಿಂಗ್" ಎಂದು ಒಕ್ಕೊರಲಿನಿಂದ ಹೇಳುತ್ತಿದ್ದರು. ಗೈಡ್ ಸಾರ್ ಬಾಯಲ್ಲಿ ಸೋಂಪು ಅಗಿಯುತ್ತ, ಕೈಯಲ್ಲಿ ಸ್ಕೇಲು ಹಿಡಿದು ತಿರುಗುತ್ತಿದ್ದ. ಮಗು ಏನು ತಿನ್ನುತ್ತದೆ ಎಂದು ಕೇಳಿದರೆ ಬ್ರೆಡ್ ಜಾಮ್ ಅನ್ನಬೇಕು. ರೊಟ್ಟಿಯ ಹೆಸರೆತ್ತಬಾರದು. ಇವತ್ತಿಗೂ ಹೋಟೆಲಿನಲ್ಲಿ ಬಿಲ್ಲಿನ ಜೊತೆ ಸೋಂಪು ಬಂದರೆ ನಾನು ತಟ್ಟೆಯನ್ನು ಆಚೆ ಸರಿಸುತ್ತೇನೆ.

ಅಪ್ಪ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದ ದಿನ ಅವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅವಳ ಸರದಿ ಬಂದಾಗ ಎದ್ದು ನಿಂತು, ತನಗೆ ತಿಳಿದಂತೆ ಕನ್ನಡದಲ್ಲೇ ಶುರು ಮಾಡಿದಳು. "ಸಾರ್, ನನ್ನ ಮಗಳು ಓದೂದರಾಗ ಚುರುಕದಾಳ್ರಿ. ದಿನಾ ಸಂಜಿಗೆ ನಾನ ಓದಿಸ್ತೀನಿ."

ಗೈಡ್ ಸಾರ್ ಅವಳ ಮಾತಿಗೆ ಕಿವಿಗೊಡಲಿಲ್ಲ. ಸ್ಕೇಲಿನ ತುದಿಯಿಂದ ಅವಳ ಅಂಗೈಯನ್ನು ಎತ್ತಿ ನೋಡಿದ. ಗದ್ದೆಯ ಕೆಲಸಕ್ಕೆ ಬಿರುಕು ಬಿಟ್ಟ ಕೈ, ಉಗುರಿನ ಸಂದಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಆಮೇಲೆ ಅವಳನ್ನು ಬಿಟ್ಟು ಅಪ್ಪನ ಕಡೆ ತಿರುಗಿದ.

"ಇವರನ್ನ ತಯಾರು ಮಾಡಾಕ ಆಗಂಗಿಲ್ರಿ. ಮನ್ಯಾಗ ಡಿಗ್ರಿ ಆದ ಹೆಣ್ಣುಮಕ್ಕಳು ಯಾರರ ಅದಾರೇನು?"

"ಇವಳ ತಂಗಿ ಅದಾಳ್ರಿ. ಬಿ.ಎ. ಮುಗಿಸ್ಯಾಳ," ಅಂದ ಅಪ್ಪ.

"ಮತ್ತ ಆಕೀನ ತಾಯಿ ಅಂತ ಕೂಡಸ್ರಿ. ಇದೇನ್ ಹೊಸಾದಲ್ಲ, ಭಾಳ ಮಂದಿ ಮಾಡ್ತಾರ."

ಅಲ್ಲಿದ್ದ ಯಾರೂ ಬೆಚ್ಚಿಬೀಳಲಿಲ್ಲ. ಯಾರೋ ಒಬ್ಬಳು ತನ್ನ ನಾದಿನಿಯನ್ನು ಕೂರಿಸುವುದಾಗಿ ಹೇಳಿದಳು. ಮಳೆಗಾಲಕ್ಕೆ ಪಕ್ಕದ ಮನೆಯ ಕೊಡೆ ಕೇಳುವ ಹಾಗೆ ತಾಯಿಯನ್ನು ಕಡ ತರುವ ಮಾತು ನಡೆಯುತ್ತಿತ್ತು. ಅವ್ವ ಇನ್ನೂ ನಿಂತೇ ಇದ್ದಳು. ಹಾಗಿದ್ದರೆ ತಾನು ಬಳ್ಳಾರಿಗೆ ಬರುವುದೇ ಬೇಡವೇ ಎಂದು ಕೇಳಿದಳು. ಗೈಡ್ ಸಾರ್ ಬಹಳ ಉದಾರವಾಗಿ ಹೇಳಿದ, "ಬರ್ರಿ, ಯಾಕ ಬ್ಯಾಡ. ಗೇಟಿನ ಹೊರಗ ಕೂಡ್ರಿ. ಯಾರರ ಕೇಳಿದ್ರ ಮನಿ ಕೆಲಸದಾಕಿ ಅನ್ರಿ. ಎಲ್ಲಿ, ಒಮ್ಮಿ ಹೇಳ್ರಿ ನೋಡೂಣು."

ಅವ್ವ ಹೇಳಿದಳು. ದನಿ ಸಣ್ಣದಾಯಿತೆಂದು ಅವನು ಇನ್ನೊಮ್ಮೆ ಹೇಳಿಸಿದ.

ಸಂದರ್ಶನದ ದಿನ ಕುರುಗೋಡಿನ ಮನೆಯಲ್ಲಿ ಚಿಗವ್ವನಿಗೆ ಸೀರೆ ಉಡಿಸಿದವಳು ಅವ್ವನೇ. ತಾನೇ ಒಂದು ಸಲವೂ ಉಡದೆ ಇಟ್ಟಿದ್ದ ತಿಳಿನೀಲಿ ಸೀರೆ. ನೆಲಕ್ಕೆ ಕೂತು ತಂಗಿಯ ನೆರಿಗೆ ಹಿಡಿದು ಕೊಟ್ಟಳು, ತನ್ನ ಕಿವಿಯ ಬೆಂಡೋಲೆ ಬಿಚ್ಚಿ ಅವಳಿಗೆ ಹಾಕಿದಳು. ಚಿಗವ್ವ ಅಳುವ ಮುಖ ಮಾಡಿಕೊಂಡು, "ಅಕ್ಕಾ, ನನಗಿದು ಬ್ಯಾಡನಸ್ತೈತಿ," ಅಂದಳು. ಅವ್ವ, "ಸುಮ್ನಿರು. ಕೂಸಿನ ಸಾಲಿ ಪ್ರಶ್ನಿ ಐತಿ," ಅಂದಳು.

ಶಾಲೆಯ ಕೋಣೆಯಲ್ಲಿ ತಂಪಾದ ಫ್ಯಾನಿನ ಗಾಳಿಯಿತ್ತು. ಚಿಗವ್ವ ನನಗೆ ಬ್ರೆಡ್ ಜಾಮ್ ಇಷ್ಟವೆಂದಳು, ಮಲಗುವ ಮೊದಲು ಇಂಗ್ಲಿಷ್ ಕಥೆ ಓದಿ ಹೇಳುತ್ತೇನೆಂದಳು. ಅಪ್ಪ ತಲೆಯಾಡಿಸುತ್ತ ಬೆವರೊರೆಸಿಕೊಂಡ. ಎದುರಿಗೆ ಕೂತಿದ್ದ ಮೇಡಮ್ಮು ಬರೆದುಕೊಂಡು, ಇಂಥ ತಾಯಿ ಸಿಕ್ಕಿದ್ದು ನನ್ನ ಪುಣ್ಯವೆಂದರು. ಇಡೀ ಜೀವಮಾನದಲ್ಲಿ ಅಷ್ಟು ಹೇಸಿಗೆಯ ಹೊಗಳಿಕೆಯನ್ನು ನಾನು ಕೇಳಿಲ್ಲ.

ಹೊರಗೆ ಬಂದವಳೇ ಓಡಿದೆ. ಅವ್ವ ಗೇಟಿನಾಚೆ ಬೇವಿನ ಗಿಡದ ಕೆಳಗೆ, ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಪೊಟ್ಟಣ ಹಿಡಿದು ಕೂತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಟ್ಟಿಸಿದ್ದು. ಮಿರ್ಚಿಯ ಎಣ್ಣೆ ಕಾಗದ ದಾಟಿ ಅವಳ ಸೀರೆಗೆ ಇಳಿದಿತ್ತು. ನಾನು ಅವಳ ತೊಡೆಯಲ್ಲಿ ಮುಖ ಹುದುಗಿಸಿದೆ. ಗೇಟಿನ ಕಾವಲುಗಾರ ನೋಡಿ ನಕ್ಕ.

"ಕೂಸು ಭಾಳ ಹಚ್ಚಿಕೊಂಡೈತಿ ನಿನ್ನ. ಏನಾಗಬೇಕವ್ವಾ ನೀನು?"

ಅಪ್ಪ ಅಲ್ಲೇ ಬಂದು ನಿಂತಿದ್ದ. ಅವನು ಬಾಯಿ ತೆರೆಯುತ್ತಾನೆಂದು ನಾನು ತಲೆಯೆತ್ತಿ ನೋಡಿದೆ. ಅವನು ರಸ್ತೆಯ ಕಡೆ ನೋಡುತ್ತಿದ್ದ.

"ಕೆಲಸದಾಕಿ ಅದೀನ್ರಿ," ಅಂದಳು ಅವ್ವ. ದನಿ ಈ ಸಲ ಸಣ್ಣದಿರಲಿಲ್ಲ. "ಸಣ್ಣಾಕಿದ್ದಾಗಿಂದ ನಾನ ನೋಡ್ಕೊಂತೀನಿ."

ಸೀಟು ಸಿಕ್ಕಿತು. ಗೈಡ್ ಸಾರ್ ಮನೆಗೆ ಅಪ್ಪ ಪೇಡೆ ಕೊಟ್ಟು ಬಂದ. ಆಮೇಲೆ ಶಾಲೆಯ ಪ್ರತಿ ಪಾಲಕರ ಸಭೆಗೂ ಚಿಗವ್ವನೇ ಬರಬೇಕಾಯಿತು. ನಾನು ಅಲ್ಲಿ ಓದಿ ಮುಗಿಸುವ ತನಕ ಅವ್ವ ಆ ಗೇಟಿನೊಳಗೆ ಕಾಲಿಡಲಿಲ್ಲ. ರಜೆಗೆ ಕರೂರಿಗೆ ಬಂದಾಗ ಮೊದಲಿನಂತೆ ಒಲೆಯ ಪಕ್ಕ ಕನ್ನಡ ಪುಸ್ತಕ ಹಿಡಿದು ಕೂತರೆ, "ಅದು ನನಗ್ಯಾಕವ್ವಾ, ನೀ ಒಳಗ ಕುಂತು ಓದ್ಕ," ಎನ್ನುತ್ತಿದ್ದಳು. ನಾನು ಬೇಕೆಂದೇ ಸಾಲು ಹಾರಿಸಿ ಓದಿ ನೋಡಿದ್ದೇನೆ, ರೊಟ್ಟಿಯ ಸದ್ದು ನಿಲ್ಲಲಿಲ್ಲ.

ಈಗ ನಾನು ಬಳ್ಳಾರಿಯಲ್ಲೇ ಇದ್ದೇನೆ. ನನ್ನ ಮಗಳ ಶಾಲೆಯಿಂದ ದಿನವೂ ಮೊಬೈಲಿಗೆ ಸಂದೇಶ ಬರುತ್ತದೆ: ಒಳ್ಳೆಯ ತಾಯಿಯಾಗುವ ಕಾರ್ಯಾಗಾರ, ತಂದೆತಾಯಿಗೆ ಇಂಗ್ಲಿಷ್ ತರಗತಿ, ಮನೆಯಲ್ಲಿ ಮಗುವಿನೊಡನೆ ಹೇಗೆ ಮಾತಾಡಬೇಕೆಂಬ ವಿಡಿಯೋ. ಸ್ಕೇಲು ಹೋಗಿದೆ, ಎ.ಸಿ. ಬಂದಿದೆ, ಅಷ್ಟೇ. ಆ ಸಂದೇಶಗಳನ್ನು ತೆರೆದರೂ ನನಗೆ ಅದೇ ಸೋಂಪಿನ ವಾಸನೆ. ಪಾಠದ ಜೊತೆ ಜಗಳವಾಡಿ, ಮಾಸ್ತರರಿಗೆ ಪ್ರಶ್ನೆ ಕಳಿಸುತ್ತಿದ್ದ ನನ್ನ ಅವ್ವನನ್ನು ಇಂಥವರ ಯಾವ ಕೇಂದ್ರ ವಾಪಸು ಕೊಡುತ್ತದೆ?

ಕಳೆದ ವಾರ ಅದೇ ಮೊಬೈಲಿಗೆ ಅಜ್ಜ ಅಜ್ಜಿಯರ ದಿನದ ಆಮಂತ್ರಣ ಬಂತು. ಅವ್ವ ನಮ್ಮಲ್ಲಿಗೆ ಬಂದಿದ್ದಳು. ಮೊಮ್ಮಗಳು ಬಿಡದೆ ಸೆರಗು ಹಿಡಿದೆಳೆದಾಗ ನಕ್ಕು, ಹೂಂ ಅಂದಳು. ಪೆಟ್ಟಿಗೆ ತೆಗೆದು ಸೀರೆ ಆರಿಸಿದಳು, ಉಗುರುಗಳನ್ನು ಬ್ರಷ್ಷಿನಿಂದ ಬಹಳ ಹೊತ್ತು ತಿಕ್ಕಿದಳು. ಆಮೇಲೆ ಅಡುಗೆಮನೆಗೆ ಬಂದು, ಮೊಮ್ಮಗಳಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಕೇಳಿದಳು:

"ಶಿಲ್ಪಾ, ಅಲ್ಲಿ ಕೇಳಿದ್ರ, ನಾ ಯಾರಂತ ಹೇಳ್ಲಿ?"